ನರ ಸರಿ ಉಂಟು ಎಂದ ದಿನ

ಕಳೆದ ವರ್ಷ, ಶಬರಿಮಲೆಗೆ ಮಾಲೆ ಹಾಕುವ ವೃಶ್ಚಿಕ ಸಂಕ್ರಮಣಕ್ಕೆ ಇನ್ನೂ ಹತ್ತು ದಿನ ಇತ್ತು. ಬೆಳಿಗ್ಗೆ ದೋಸೆ ಬಡಿಸುತ್ತಾ ನನ್ನ ಹೆಂಡತಿ ಹೇಮ ಕೇಳಿದಳು: "ಈ ವರ್ಷ ಒಂದು ಮಾಲೆ ಹಾಕದಿದ್ರೆ ಆಗುದಿಲ್ವಾ? ಬರುವ ತಿಂಗಳಿಗೆ ನನಗೆ ನಲ್ವತ್ತು ತುಂಬ್ತದೆ."

ನಾನು ದೋಸೆ ಮುಗಿಸಿ ಎದ್ದೆ. ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಹೆಸರುಗಳನ್ನು ಬದಲಾಯಿಸಿದ್ದೇನೆ.

ಜಾಲ್ಸೂರಿನಲ್ಲಿ ನನ್ನದೊಂದು ಪಂಪ್ ರಿಪೇರಿ ಅಂಗಡಿ. ಅಷ್ಟರೊಳಗೆ ಹನ್ನೊಂದು ವರ್ಷ ಬಿಡದೆ ಶಬರಿಮಲೆಗೆ ಮಾಲೆ ಹಾಕಿದವನು ಎಂದು ಊರಿನಲ್ಲಿ ನನಗೆ ಮರ್ಯಾದೆ ಇದೆ. ವ್ರತ ಮುಗಿದ ಮೇಲೂ ಎಲ್ಲರೂ "ಸ್ವಾಮಿ" ಎಂದೇ ಕರೆಯುತ್ತಾರೆ. ಆದರೆ ಸತ್ಯ ಬೇರೆ. ಮದುವೆಯಾದ ಮೊದಲ ರಾತ್ರಿಯಿಂದಲೇ ನನಗೆ ಶೀಘ್ರಸ್ಖಲನದ ತೊಂದರೆ. ಹತ್ತಿರ ಹೋಗುವುದರೊಳಗೆ ಎಲ್ಲ ಮುಗಿದುಹೋಗುತ್ತಿತ್ತು. ನಾಚಿಕೆಯಿಂದ ಗೋಡೆಯ ಕಡೆ ತಿರುಗಿ "ಆಯಾಸ" ಎಂದು ಮಲಗುತ್ತಿದ್ದೆ. ಎರಡನೇ ವರ್ಷ ಗೆಳೆಯನ ಒತ್ತಾಯಕ್ಕೆ ಮಾಲೆ ಹಾಕಿದೆ. ಬ್ರಹ್ಮಚರ್ಯದ ಆ ದಿನಗಳಲ್ಲಿ ಎಷ್ಟು ನೆಮ್ಮದಿ ಸಿಕ್ಕಿತೆಂದರೆ, ಮತ್ತೆ ಒಂದು ವರ್ಷವೂ ತಪ್ಪಿಸಲಿಲ್ಲ. ಜನ ಅದನ್ನು ಭಕ್ತಿ ಅಂದುಕೊಂಡರು. ಉಳಿದ ತಿಂಗಳುಗಳಿಗೆ ಅಂಗಡಿಯ ಕೆಲಸ, ಸೊಂಟ ನೋವು ಎಂದು ಏನಾದರೊಂದು ನೆಪ ಇದ್ದೇ ಇರುತ್ತಿತ್ತು. ಮಕ್ಕಳಾಗಲಿಲ್ಲವೆಂದು ನನ್ನ ಅಮ್ಮ ಹೇಮನನ್ನು ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗಿ ಸರ್ಪದೋಷಕ್ಕೆಂದು ಆಶ್ಲೇಷಾ ಬಲಿ ಪೂಜೆ ಮಾಡಿಸಿದರು. ದೋಷ ಅವಳದ್ದೇ ಎಂಬಂತೆ ಎಲ್ಲರೂ ಮಾತಾಡಿದರು. ನಾನು ಪಕ್ಕದಲ್ಲೇ ಕೈಮುಗಿದು ಕೂತಿದ್ದೆ, ಬಾಯಿ ಬಿಡಲಿಲ್ಲ. ಅಂಥ ಹೇಡಿ ನಾನು.

ಅವಳ "ನಲ್ವತ್ತು" ಎಂಬ ಮಾತು ಮಾತ್ರ ಕಿವಿಯಿಂದ ಹೋಗಲಿಲ್ಲ. ಅಂಗಡಿಯ ಸಾಮಾನು ತರಲಿಕ್ಕುಂಟು ಎಂದು ಸುಳ್ಳು ಹೇಳಿ ಪುತ್ತೂರಿಗೆ ಹೋದೆ. ಅಲ್ಲಿಗೆ ವಾರಕ್ಕೊಮ್ಮೆ ಹೊರಗಿನಿಂದ ಒಬ್ಬರು ನರದ ಡಾಕ್ಟರು ಬರುತ್ತಾರೆ. ನಾನು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದೆ. "ಸಾಮಾನ್ಯವಾಗಿ ಇದಕ್ಕೆ ನರದ ಪರೀಕ್ಷೆ ಬೇಕಾಗುದಿಲ್ಲ" ಎಂದರು ಅವರು. ಆದರೆ ನಾನು ಬಿಡಲಿಲ್ಲ. ನನಗೆ ಪರೀಕ್ಷೆಯೇ ಬೇಕಿತ್ತು. ನರದಲ್ಲೇ ದೋಷ ಎಂದು ಯಂತ್ರ ಹೇಳಿದರೆ ಹೇಮನ ಮುಂದೆ ಹಿಡಿಯಲು ಒಂದು ಕಾಗದ ಸಿಗುತ್ತದೆ, ನಾನು ಬಾಯಿಬಿಟ್ಟು ಹೇಳುವುದು ತಪ್ಪುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಹೊರಗೆ ಬೆಂಚಿನ ಮೇಲೆ ನಮ್ಮೂರಿನ ಹಮೀದಾಕ ಕೂತಿದ್ದರು. ಅವರಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಜೋಮು. ಅವರ ಹೆಂಡತಿ ಬಟ್ಟೆ ಹೊಲಿಸಲು ಹೇಮನ ಹತ್ತಿರ ಬರುವವರು.

"ಎಂತ ಸ್ವಾಮಿ, ನೀವು ಇಲ್ಲಿ?"

"ಸೊಂಟ, ಹಮೀದಾಕ. ಸೊಂಟದ ನರ."

"ಪಂಪ್ ಎತ್ತಿ ಎತ್ತಿ ಹಾಗಾದ್ದು ಮಾರಾಯ್ರೆ. ಸ್ವಲ್ಪ ರೆಸ್ಟ್ ತೆಕ್ಕೊಳ್ಳಿ" ಎಂದು ನನ್ನ ಬೆನ್ನು ಸವರಿದರು. ಆ ಪ್ರೀತಿಗೆ ನನಗೆ ಬೆವರು ಬಂತು.

ಒಳಗೆ ಮಲಗಿಸಿ ಪರದೆ ಎಳೆದರು. ಪರೀಕ್ಷೆ ಮಾಡುವವನು ಗಂಭೀರ ಮುಖದ ಮನುಷ್ಯ. ನಡುಗುವ ಒಂದು ಸಣ್ಣ ಕಡ್ಡಿಯನ್ನು ಮೊದಲು ಬೆರಳ ತುದಿಗೆ, ಮತ್ತೆ ಕಾಲಿಗೆ ಇಟ್ಟ. ಆಮೇಲೆ ಎಲ್ಲಿ ಇಡಬೇಕೋ ಅಲ್ಲಿ ಇಟ್ಟ. "ನಡುಕ ಗೊತ್ತಾದ ಕೂಡ್ಲೇ ಹೇಳಿ" ಎಂದ. ಅಲ್ಲಿಯ ನರ ಅತಿ ಚುರುಕು, ಅದೇ ದೋಷ ಎಂದು ತೋರಿಸಬೇಕೆಂಬ ಆಸೆ ನನಗೆ. ಕಡ್ಡಿ ತಾಗಿದ್ದೇ ತಡ, "ಹಾಂ, ಗೊತ್ತಾಯ್ತು, ಗೊತ್ತಾಯ್ತು" ಎಂದೆ.

"ನಾನಿನ್ನೂ ಸ್ವಿಚ್ ಹಾಕ್ಲಿಲ್ಲ ಸಾರ್" ಎಂದ ಅವನು.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಮೇಲೆ ನೆತ್ತಿಗೆ ಅಂಟು ಹಚ್ಚಿ ವಯರ್ ಕೂರಿಸಿದರು. ಕೆಳಗೆ ಸಣ್ಣಗೆ ಕರೆಂಟ್ ಕೊಟ್ಟು, ಅದು ತಲೆಗೆ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಯಂತ್ರವೇ ಅಳೆಯಿತು. ಟಕ್ ಟಕ್ ಎಂದು ಹೊಡೆಯುವಾಗ ಕಣ್ಣು ಮುಚ್ಚಿ ಬೇಡಿಕೊಂಡೆ, ದೇವರೇ, ಎಲ್ಲಾದರೂ ಒಂದು ದೋಷ ಸಿಗಲಿ. ರೋಗ ಬರಲಿ ಎಂದು ಬೇಡಿಕೊಂಡವನು ನಾನೊಬ್ಬನೇ ಇರಬೇಕು.

ಡಾಕ್ಟರು ಕಾಗದ ನೋಡಿ ನಕ್ಕರು. "ನಿಮ್ಮ ನರ ಎಲ್ಲ ಸರಿ ಉಂಟು. ಒಳ್ಳೆ ಸುದ್ದಿ ಅಲ್ವಾ?"

ನಾನು ಕಾಗದ ತೆಗೆದುಕೊಂಡು ಅದರ ಹಿಂಬದಿಯನ್ನೂ ನೋಡಿದೆ. ನನ್ನ ಅಂಗಡಿಗೆ ಬರುವವರೂ ಹಾಗೆಯೇ. ಕಾಯಿಲ್ ಸುಟ್ಟಿದೆ ಎಂದರೆ ನಂಬುತ್ತಾರೆ, ಪಂಪ್ ಸರಿ ಇದೆ ಎಂದರೆ ಮುಖ ಸಣ್ಣದಾಗುತ್ತದೆ.

"ಇದು ತುಂಬಾ ಜನರಿಗೆ ಉಂಟು. ಮಾತ್ರೆ ಉಂಟು, ಕೆಲವು ಅಭ್ಯಾಸ ಉಂಟು, ಗುಣ ಕಾಣ್ತದೆ. ಮುಂದಿನ ಸಲ ಹೆಂಡತಿಯನ್ನೂ ಕರ್ಕೊಂಡು ಬನ್ನಿ. ಎಷ್ಟು ಸಮಯ ಆಯ್ತು?"

"ಹನ್ನೆರಡು ವರ್ಷ."

ಅವರ ನಗು ನಿಂತಿತು. "ಮೊದಲೇ ಬರ್ಬಹುದಿತ್ತಲ್ಲ" ಎಂದಷ್ಟೇ ಹೇಳಿ ಮಾತ್ರೆ ಬರೆದುಕೊಟ್ಟರು.

ಸಂಜೆ ಮನೆಗೆ ಬಂದರೆ ಹೇಮ ಗೇಟಿನ ಹತ್ತಿರವೇ ನಿಂತಿದ್ದಳು. ಅತ್ತೂ ಅತ್ತೂ ಕಣ್ಣು ಊದಿತ್ತು. ನಾನು ಹೊರಬರುವಾಗ ತಲೆಯಲ್ಲಿದ್ದ ಅಂಟನ್ನು ನೋಡಿದ ಹಮೀದಾಕ ಹೆದರಿ ತಮ್ಮ ಮನೆಗೆ ಫೋನ್ ಮಾಡಿದ್ದಾರೆ. ಅವರ ಹೆಂಡತಿ ಹೇಮನಿಗೆ ತಿಳಿಸಿದ್ದಾರೆ.

"ತಲೆಗೆ ಎಂತಾಗಿದೆ ನಿಮಗೆ? ನನ್ನತ್ರ ಯಾಕೆ ಹೇಳ್ಲಿಲ್ಲ?" ಎನ್ನುತ್ತಾ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕೂದಲು ಬಿಡಿಸಿ ನೋಡತೊಡಗಿದಳು. ಅವಳು ನನ್ನನ್ನು ಹಾಗೆ ಮುಟ್ಟಿ ಎಷ್ಟೋ ವರ್ಷವಾಗಿತ್ತು. ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ, ಅವಳ ಹೊಲಿಗೆ ಮೆಷಿನ್ ಪಕ್ಕದ ಸ್ಟೂಲಿನಲ್ಲಿ ಕೂತು ಎಲ್ಲ ಹೇಳಿದೆ. ತೊಂದರೆ, ನಾಚಿಕೆ, ಮಾಲೆಯ ಹಿಂದಿನ ಗುಟ್ಟು, ಆಶ್ಲೇಷಾ ಬಲಿಯ ದಿನದ ಮೌನ, ಯಾವುದನ್ನೂ ಬಿಡಲಿಲ್ಲ.

ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಮೆಷಿನ್ ಮೇಲಿದ್ದ ಕತ್ತರಿಯನ್ನು ತೆಗೆದು ಬದಿಗಿಟ್ಟಳು.

"ನಿಮಗೆ ನನ್ನನ್ನು ಕಂಡ್ರೆ ಹೇಸಿಗೆ ಅಂತ ತಿಳ್ಕೊಂಡಿದ್ದೆ" ಎಂದಳು. "ನನ್ನ ಮೈ ವಾಸನೆಯಾ, ಬಣ್ಣವಾ ಅಂತ ಎಷ್ಟು ದಿನ ಕನ್ನಡಿ ಮುಂದೆ ನಿಂತು ಅತ್ತಿದ್ದೇನೆ ಗೊತ್ತುಂಟಾ? ಒಂದು ಮಾತು ಸಾಕಿತ್ತು. ಹನ್ನೆರಡು ವರ್ಷದಲ್ಲಿ ಒಂದೇ ಒಂದು ಮಾತು."

"ಮಾತ್ರೆ ಕೊಟ್ಟಿದ್ದಾರೆ. ಒಟ್ಟಿಗೆ ಬರ್ಲಿಕ್ಕೆ ಹೇಳಿದ್ದಾರೆ" ಎಂದೆ.

ಅವಳು ಎದ್ದುಹೋಗಿ ಅನ್ನಕ್ಕಿಟ್ಟಳು. ಊಟಕ್ಕೆ ಬಡಿಸಿದಳು, ಉಪ್ಪು ಬೇಕಾ ಎಂದು ಕೇಳಿದಳು. ಆಮೇಲಿನ ದಿನಗಳೂ ಹಾಗೆಯೇ, ಉಪ್ಪು-ಊಟದ ಮಾತಿನಲ್ಲೇ ಹೋದವು.

ಆ ವರ್ಷ ಮಾಲೆ ಹಾಕುವುದಿಲ್ಲ ಎಂದು ನಾನು ಗಟ್ಟಿ ಮಾಡಿದ್ದೆ. ಸಂಕ್ರಮಣದ ಬೆಳಿಗ್ಗೆ ಸ್ನಾನ ಮುಗಿಸಿ ಬಂದೆ. ಚಾವಡಿಯ ಕುರ್ಚಿಯ ಮೇಲೆ ನನ್ನ ಕಪ್ಪು ಪಂಚೆ, ಕಪ್ಪು ಶಾಲು ಒಗೆದು, ಇಸ್ತ್ರಿ ಹಾಕಿ ಇಟ್ಟಿತ್ತು. ಹನ್ನೊಂದು ವರ್ಷ ನಾನೇ ಪೆಟ್ಟಿಗೆಯಿಂದ ಹುಡುಕಿ ತೆಗೆಯುತ್ತಿದ್ದ ಬಟ್ಟೆ ಅದು. ಅವಳು ಒಮ್ಮೆಯೂ ಮುಟ್ಟಿದವಳಲ್ಲ.

"ಹೇಮ, ಈ ವರ್ಷ ನಾನು..." ಎಂದು ಶುರು ಮಾಡಿದೆ.

"ಹಾಕಿ" ಎಂದಳು, ಹೊಲಿಗೆಯಿಂದ ತಲೆ ಎತ್ತದೆ. "ಈ ಸಲ ಆ ದೂರ ನನಗೆ ಬೇಕು."

ನಾನು ಮಾಲೆ ಹಾಕಿದೆ. ಮಲೆಗೆ ಹೋಗಿ ಬಂದೆ, ಅಲ್ಲಿ ಏನೂ ಬೇಡಿಕೊಳ್ಳಲಿಲ್ಲ. ವ್ರತ ಮುಗಿದು ತಿಂಗಳುಗಳು ಕಳೆದಿವೆ. ಮಾತ್ರೆಗಳು ಹಾಗೆಯೇ ಇವೆ, ಡಾಕ್ಟರ ಹತ್ತಿರ ನಾವು ಹೋಗಲಿಲ್ಲ. ನರ ಸರಿ ಉಂಟು ಎನ್ನುವ ಆ ಕಾಗದವನ್ನು ಎಸೆಯಲು ಹೋದಾಗ ಅವಳೇ ತಡೆದು ತನ್ನ ಹೊಲಿಗೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ಯಾಕೆಂದು ಕೇಳುವ ಧೈರ್ಯ ನನಗೆ ಈಗಲೂ ಬಂದಿಲ್ಲ.