ಆರನೆಯವನಿಗಾಗಿ ಹುಡುಕುತ್ತಿದ್ದ ಬಸವರಾಜ ಅಂಕಲ್

ಒಂದು ಜನಾಂಗದ ಕುಣಿತವನ್ನು ಕಾಯುವ ಹೊಣೆ ಆ ಜನಾಂಗದ್ದೇ ಎಂದು ಬಲ್ಲವರು ಗಂಭೀರವಾಗಿ ಹೇಳುತ್ತಾರೆ. ಮೆಲ್ಬರ್ನಿನ ವೆರಿಬೀಯಲ್ಲಿ ಇಂಗ್ಲೆಂಡಿನ ಹಳ್ಳಿಗಳ ಮಾರಿಸ್ ಕುಣಿತವನ್ನು ಕಾಯುತ್ತಿದ್ದವರು ಧಾರವಾಡದ ಬಸವರಾಜ ಅಂಕಲ್.

ಬಸ್ ಓಡಿಸಿ ರಿಟೈರ್ ಆದವರು. ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಪಿಆರ್ ಸಿಕ್ಕಿ 2004ರಲ್ಲಿ ನಾನು ಅವರ ಬೀದಿಗೆ ಬಂದೆ. ಬುಧವಾರ ಸಂಜೆ ಅವರು ಬಿಳಿ ಪ್ಯಾಂಟಿನ ಮೊಣಕಾಲ ಕೆಳಗೆ ಗೆಜ್ಜೆಪಟ್ಟಿ ಬಿಗಿದು, ಕೋಲು ಹಿಡಿದು ಝಲ್ ಝಲ್ ಎಂದು ಹೊರಟರೆ ನಾಯಿಗಳಿಗೂ ಬೊಗಳುವುದು ಮರೆತುಹೋಗುತ್ತಿತ್ತು. ತಂಡ ಕುಣಿಯುತ್ತಿದ್ದ ಬಡಾವಣೆಯ ಹಾಲ್‌ನ ಬೀಗ ತೆಗೆಯುವುದು, ನೆಲ ಗುಡಿಸುವುದು, ಹರಿದ ಗೆಜ್ಜೆಪಟ್ಟಿ ಹೊಲಿಯುವುದು, ಕೊನೆಗೆ ಚಹಾ ಕಾಸುವುದು, ಎಲ್ಲ ಅವರದೇ. ಸಂಬಳವಿಲ್ಲದ ಈ ನೌಕರಿಗೆ ಅವರು ಒಂದು ದಿನವೂ ರಜೆ ಹಾಕಲಿಲ್ಲ.

ಯುಗಾದಿ ಊಟದಲ್ಲಿ ಯಾರೋ ಕೆಣಕಿದರು: "ಅಲ್ಲ ಅಂಕಲ್, ನಮ್ ಕಲ್ಚರ್ ಬಿಟ್ಟು ದೊರೆಗಳ ಡ್ಯಾನ್ಸಿಗೆ ಸೇವೆ ಮಾಡ್ತೀರಲ್ಲ, ನಾಚ್ಕೆ ಆಗಲ್ವಾ?"

ಅಂಕಲ್ ಹೋಳಿಗೆ ಮುರಿಯುತ್ತಲೇ ಅಂದರು: "ಇನ್ನೂರು ವರ್ಷ ನಮ್ಮ ಮನ್ಯಾಗ ಕುಂತಿದ್ರು. ರೈಲು ತೋರ್ಸಿದ್ರು, ಕೋರ್ಟು ತೋರ್ಸಿದ್ರು, ಇದೊಂದು ಮುಚ್ಚಿಟ್ರು. ನಾನ ಬಂದು ತಗೊಂಡೀನಿ. ವಾಪಸ್ ಕೊಡಂಗಿಲ್ಲ."

ಆದರೆ ಅವರ ಕುಣಿತಕ್ಕೆ ಆರು ಜನ ಬೇಕೇ ಬೇಕು, ಮೂವರಿಗೆ ಮೂವರು ಎದುರುಬದುರು. ತಂಡದಲ್ಲಿ ಉಳಿದಿದ್ದವರು ಅಂಕಲ್ ಮತ್ತು ನಾಲ್ವರು ಇಂಗ್ಲಿಷ್ ಮುದುಕರು. ಹಾಲ್‌ನ ಸೆಕ್ರೆಟರಿ ಡೆಬ್ರಾ ಎಂಬವರು ನೋಟಿಸ್ ಕೊಟ್ಟರು: ಮುಂದಿನ ಬುಧವಾರ ಬಂದು ನೋಡುತ್ತೇನೆ, ತಂಡ ಪೂರ್ತಿ ಇಲ್ಲದಿದ್ದರೆ ಹಾಲ್ ಯೋಗ ಕ್ಲಾಸಿಗೆ. ಯೋಗಕ್ಕೆ ಆಸ್ಟ್ರೇಲಿಯನ್ನರು ಸಾಲುಗಟ್ಟಿದ್ದರು. ಹೀಗೆ ಭಾರತದ ದಾಳಿಯಿಂದ ಇಂಗ್ಲೆಂಡಿನ ಮಾನ ಕಾಯಲು ಅಂಕಲ್ ಟೊಂಕ ಕಟ್ಟಿದರು.

"ತಮ್ಮಾ, ಸಾಲ್ಯಾಗ ಕೋಲಾಟ ಆಡೀಯಲ್ಲ? ಸಾಕು, ಬಾ," ಎಂದು ನನ್ನನ್ನು ಎಳೆದೊಯ್ದರು.

ಆ ಕೋಲಾಟವೇ ಮುಳುವಾಯಿತು. ನಮ್ಮೂರ ಕೋಲಾಟದಲ್ಲಿ ಕೋಲು ತಾಗಿಸಿದವನು ಮುಂದಿನವನ ಬಳಿಗೆ ಸರಿಯಬೇಕು. ಇಲ್ಲಿ ಎದುರಿನವನನ್ನು ಬಿಡುವಂತಿಲ್ಲ. ಡೆಬ್ರಾ ನೋಡುತ್ತಿರುವಾಗಲೇ ನಾನು ಅಭ್ಯಾಸಬಲದಿಂದ ಸರಿದೆ. ಎದುರಿನ ಮುದುಕ ಗಾಳಿಗೆ ಹೊಡೆದ. ಅವನ ಪಕ್ಕದವನ ಒಂದೇ ಕೋಲಿಗೆ ಇಬ್ಬರು ಗಿರಾಕಿಗಳಾದರು. ಡೆಬ್ರಾಗೆ ಏನೂ ತಿಳಿಯಲಿಲ್ಲ. ಆರು ತಲೆ ಎಣಿಸಿ, ಹಾಲ್ ನಿಮ್ಮದೇ ಎಂದು ಚಪ್ಪಾಳೆ ತಟ್ಟಿ ಎದ್ದರು.

"ಸಿಟ್, ಮೇಡಮ್," ಅಂದರು ಅಂಕಲ್. "ದಿಸ್ ಈಸ್ ರಾಂಗ್. ವೀ ಡೂ ಅಗೇನ್."

ನಾನು ಪಿಸುಗುಟ್ಟಿದೆ: "ಅಂಕಲ್, ಪಾಸ್ ಆಯ್ತಲ್ಲ, ಬಿಟ್ಬಿಡಿ."

"ತಪ್ಪು ಕುಣ್ದು ಹಾಲ್ ಉಳಿಸ್ಕೊಳ್ಳೂದಾದ್ರ ಅವರು ಯೋಗಾನ ಮಾಡ್ಲಿ. ನಿಂದ್ರು ನಿನ್ನ ಜಾಗಾದಾಗ!"

ಮೂರನೆಯ ಸಲಕ್ಕೆ ಸರಿಯಾಯಿತು. ಡೆಬ್ರಾ ಅಷ್ಟು ಹೊತ್ತೂ ಕೂತಿದ್ದರು. ಏಳುವ ಧೈರ್ಯ ಅವರಿಗೂ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಆರೋಗ್ಯ ಕೆಟ್ಟು ಅಂಕಲ್ ಸಿಡ್ನಿಯ ಮಗಳ ಮನೆ ಸೇರಿದರು. ಆಫೀಸಿನ ಕೆಲಸಕ್ಕೆಂದು ಅಲ್ಲಿನ ಮ್ಯಾಕ್ವೆರಿ ಪಾರ್ಕ್ ಬಡಾವಣೆಗೆ ಹೋದವನು ಅವರನ್ನೂ ನೋಡಲು ಹೋದೆ. ಹಾಸಿಗೆ ಹಿಡಿದಿದ್ದರು. ಹೇಗಿದ್ದೀರಿ ಎಂದು ನಾನು ಕೇಳುವ ಮೊದಲೇ, "ಎಷ್ಟ್ ಮಂದಿ?" ಅಂದರು.

"ಐದೇ ಅಂಕಲ್. ನಿಮ್ ಜಾಗಕ್ಕೆ ಯಾರೂ ಸಿಕ್ಕಿಲ್ಲ. ಈ ಸಲ ಹಾಲ್ ಹೋಗ್ಬಹುದು."

"ಹೋಗ್ಬಹುದು ಅಂತ ಹೇಳಾಕ ಇಲ್ಲೀತನಾ ಬಂದಿ? ನಾ ಸಾಯೂದು ನಾ ನೋಡ್ಕೋತೀನಿ. ನೀ ಹೋಗಿ ಆರನೇದವ್ರನ್ನ ಹಿಡಿ!"

ಅದೇ ಕೊನೆಯ ಭೇಟಿ. ಆ ತಿಂಗಳೇ ಅವರು ತೀರಿಕೊಂಡರು. ಆರನೆಯ ಜಾಗದಲ್ಲಿ ನನ್ನ ಹೆಂಡತಿ ನಿಂತಳು. ಬುಧವಾರದ ಹಾಲ್ ಮಾರಿಸ್ ತಂಡಕ್ಕೇ ಉಳಿಯಿತು. ಯೋಗ ಕ್ಲಾಸ್ ಗುರುವಾರ ನಡೆಯುತ್ತದೆ.