ಸಿಸ್ಟರ್ ಮಂದೆ ಕಾದ ಮಧ್ಯಾಹ್ನ

ಆಗಮನ ಕಾಲದ ಮೊದಲ ವಾರ, ಅಂದರೆ ಕ್ರಿಸ್ಮಸ್ಸಿಗೆ ಇನ್ನೂ ನಾಲ್ಕು ವಾರ ಇರುವಾಗ, ನಮ್ಮ ಶಾಲೆಯಲ್ಲಿ ನಾಟಕದ ಟ್ರಂಕು ತೆಗೆಯುವುದು ರೂಢಿ. ಈ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು. ದೇವದೂತರ ಮುರಿದ ರೆಕ್ಕೆಗಳು, ಬಣ್ಣ ಹೋದ ಮೂರು ಕಿರೀಟಗಳು, ನುಸಿಗುಳಿಗೆಯ ಘಾಟು... ಎಲ್ಲದರ ಅಡಿಯಲ್ಲಿ ಒಂದು ಕರಿಕಂಬಳಿ. ಮೂಗಿಗೆ ಹಿಡಿದೆ. ಉಣ್ಣೆಗೆ ಅಂಟಿದ ಕುರಿಯ ವಾಸನೆ ಎಷ್ಟು ವರ್ಷ ಟ್ರಂಕಿನಲ್ಲಿಟ್ಟರೂ ಹೋಗುವಂಥದ್ದಲ್ಲ. ಜೊತೆಗಿದ್ದ ಹೊಸ ಟೀಚರು ಮೂಗು ಮುಚ್ಚಿಕೊಂಡು, ಇದನ್ನು ಒಗೆಯಲು ಹಾಕೋಣವೇ ಮಿಸ್ ಎಂದಳು. ಬೇಡ ಎಂದೆ. ನನ್ನ ದನಿ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ, ಆಕೆ ಮತ್ತೆ ಆ ಮಾತು ತೆಗೆಯಲಿಲ್ಲ.

ಅದು ನನ್ನ ಅಪ್ಪನ ಕಂಬಳಿ. ನಾಟಕಕ್ಕೆಂದು ಅಪ್ಪನ ಹೆಗಲ ಮೇಲಿಂದಲೇ ಅದನ್ನು ಇಸಿದುಕೊಂಡವರು ನಮ್ಮ ವಿಜ್ಞಾನದ ಸಿಸ್ಟರ್. ವಾಪಸು ಕೊಡುವುದನ್ನು ಅವರು ಮರೆತರು, ಕೇಳುವುದನ್ನು ಅಪ್ಪ ಮರೆತ. ಇಬ್ಬರೂ ಬೇಕೆಂದೇ ಮರೆತರೋ ಏನೋ.

ಸಿಸ್ಟರ್ ಕರಾವಳಿಯವರು. ಬೂದುಬಣ್ಣದ ಸೀರೆ, ಬೆರಳ ತುಂಬ ಸೀಮೆಸುಣ್ಣದ ಪುಡಿ, ನಡೆದರೂ ಓಡಿದಂತೆ ಕಾಣುವ ನಡಿಗೆ. ಹೊಳಲ್ಕೆರೆ ಸೀಮೆಯಲ್ಲಿ ಅಷ್ಟು ವರ್ಷ ಇದ್ದರೂ ಅವರ ಬಾಯಿಂದ ‘ಉಂಟು’, ‘ಎಂತದು’ ಹೋಗಿರಲಿಲ್ಲ. ನಮ್ಮ ‘ಐತೆ’ಯನ್ನು ಅವರು ಎದುರಿಗೇ ತಿದ್ದುತ್ತಿದ್ದರು, ಅವರ ‘ಉಂಟು’ವನ್ನು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಹಠಕ್ಕೆ ಬಿದ್ದರೆಂದರೆ ಹೆಡ್‌ಮಿಸ್ಟ್ರೆಸ್ ಕೂಡ ದಾರಿ ಬಿಟ್ಟು ನಿಲ್ಲುತ್ತಿದ್ದರು. ಲ್ಯಾಬಿಗೆ ಬೀರು ಬೇಕೆಂದು ವರ್ಷವಿಡೀ ಕೇಳಿ ಸಾಕಾಗಿ, ಚಿಕ್ಕಜಾಜೂರಿನಿಂದ ವರ್ಗವಾಗಿ ಹೊರಟಿದ್ದ ರೈಲ್ವೆ ನೌಕರರೊಬ್ಬರ ಮನೆಯ ಬೀರುವನ್ನು ಲಾರಿಗೆ ಹೇರಿಸಿಕೊಂಡು, ಡ್ರೈವರ್ ಪಕ್ಕದಲ್ಲಿ ತಾವೇ ಕೂತು ತಂದವರು ಅವರು.

ನಾನಾಗ ಹತ್ತನೇ ತರಗತಿ, ಶಾಲೆಯ ಹಾಸ್ಟೆಲಿನಲ್ಲಿದ್ದೆ. ನಮ್ಮದು ಕುರಿ ಸಾಕುವ ಮನೆ. ಪ್ರತಿ ವರ್ಷ ರಾಗಿ ಕೊಯ್ಲು ಮುಗಿದ ಮೇಲೆ ಅಪ್ಪ ಮತ್ತು ಅಜ್ಜ ಮಂದೆ ಹೊಡೆದುಕೊಂಡು ಭದ್ರಾ ಕಾಲುವೆಯ ಕಡೆಯ ಗದ್ದೆಬಯಲಿಗೆ ಹೋಗುತ್ತಿದ್ದರು. ಕೊಯ್ದ ಗದ್ದೆಗಳಲ್ಲಿ ಕುರಿ ನಿಲ್ಲಿಸಿ, ಮೇಯಿಸಿ, ಮುಂಗಾರು ಹತ್ತಿರ ಬಂದಾಗ ಊರಿಗೆ ಮರಳುತ್ತಿದ್ದರು. ಆ ವರ್ಷ ಅಜ್ಜನ ಮೊಣಕಾಲು ಕೈಕೊಟ್ಟಿತು. ಮಂದೆಗೆ ಇಬ್ಬರು ಬೇಕೇ ಬೇಕು. ಅವ್ವ ಅಜ್ಜನನ್ನೂ ಎಳೆಯ ತಮ್ಮನನ್ನೂ ಬಿಟ್ಟು ಬರುವ ಹಾಗಿರಲಿಲ್ಲ. ಚಿಕ್ಕಪ್ಪನ ಮಂದೆ ಒಂದಿತ್ತು, ಎರಡೂ ಮಂದೆ ಕೂಡಿಸಿದ್ದರೆ ಕೆಲಸ ಹಗುರಾಗುತ್ತಿತ್ತು. ಆದರೆ ಒಂದು ಟಗರಿನ ವಿಷಯಕ್ಕೆ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಉಳಿದವಳು ನಾನು.

ಅಪ್ಪ ಹಾಸ್ಟೆಲಿಗೆ ಬಂದು, ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಹೋದರೆ ಮಾರ್ಚಿನ ಪರೀಕ್ಷೆ ಇಲ್ಲ. ಹತ್ತನೆಯದನ್ನು ಅರ್ಧಕ್ಕೆ ಬಿಟ್ಟ ಹುಡುಗಿಗೆ ಮುಂದೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಜೊತೆ ಓದಿದ್ದ ಇಬ್ಬರು ಆಗಲೇ ಗಂಡನ ಮನೆ ಸೇರಿದ್ದರು. ಅಪ್ಪ ಕೆಟ್ಟವನಾಗಿರಲಿಲ್ಲ, ಅವನಿಗೆ ಬೇರೆ ದಾರಿ ಕಂಡಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಓದಬೇಕು ಎಂಬ ಆಸೆ ನನಗೆ ಎಷ್ಟಿದೆ ಎಂದು ನನಗೇ ಗೊತ್ತಾದದ್ದು ಆ ಬಾಗಿಲ ಹಿಂದೆ.

ಸಿಸ್ಟರ್ ವಾದಕ್ಕಿಳಿಯಲಿಲ್ಲ. ಹುಡುಗಿಗೆ ಕ್ರಿಸ್ಮಸ್ ನಾಟಕದಲ್ಲಿ ಪಾತ್ರ ಕೊಟ್ಟಾಗಿದೆ, ನಾಟಕ ಮುಗಿದ ಮೇಲೆ ಮಾತಾಡುವ ಎಂದಷ್ಟೇ ಹೇಳಿದರು. ಶುದ್ಧ ಸುಳ್ಳು. ಅಲ್ಲಿಯ ತನಕ ಯಾರಿಗೂ ಯಾವ ಪಾತ್ರವನ್ನೂ ಕೊಟ್ಟಿರಲಿಲ್ಲ. ಆದರೆ ಅಪ್ಪ ಊರ ಬಯಲಾಟದಲ್ಲಿ ಬಣ್ಣ ಹಚ್ಚಿದವನು, ಪಾತ್ರ ಒಪ್ಪಿಕೊಂಡು ಕೈಬಿಡುವುದು ಎಷ್ಟು ದೊಡ್ಡ ತಪ್ಪೆಂದು ಅವನಿಗೆ ಗೊತ್ತಿತ್ತು. ಹೊರಡುವುದನ್ನು ಮುಂದೆ ಹಾಕಿದ. ಶಾಲೆಯ ಹಿಂದಿನ ರಾಗಿ ಹೊಲದ ಯಜಮಾನರನ್ನು ಕೇಳಿಕೊಂಡು, ಕೊಯ್ದು ಉಳಿದ ಕೂಳೆಯ ಮೇಲೆ ಮಂದೆ ಇಳಿಸಿದ. ಆ ಸುಳ್ಳನ್ನು ಆಮೇಲೆ ಫಾದರ್ ಹತ್ತಿರ ಪಾಪನಿವೇದನೆಯಲ್ಲಿ ಹೇಳಿಕೊಂಡೆ ಎಂದು ಸಿಸ್ಟರ್ ಒಮ್ಮೆ ನನ್ನೊಡನೆ ನಕ್ಕರು. ಪಶ್ಚಾತ್ತಾಪ ಆಗಿತ್ತಾ ಎಂದು ಕೇಳಿದ್ದಕ್ಕೆ, ಹೋಗಿ ಓದಿಕೋ ಎಂದರು.

ನನಗೆ ಸಿಕ್ಕಿದ್ದು ಕುರುಬರ ಪಾತ್ರ, ಸಹಜವಾಗಿಯೇ. ನಮ್ಮ ಶಾಲೆಯಲ್ಲಿ ಕ್ರೈಸ್ತ ಮಕ್ಕಳು ಬೆರಳೆಣಿಕೆಯಷ್ಟು, ಹಾಗಾಗಿ ಜೋಸೆಫನಾಗಿದ್ದವನು ಲಿಂಗಾಯತರ ಹುಡುಗ. ಹಣೆಯ ವಿಭೂತಿ ಅಳಿಸುವುದಿಲ್ಲ ಎಂದು ಅವನು ಹಟ ಹಿಡಿದಿದ್ದಕ್ಕೆ ಸಿಸ್ಟರ್ ತಲೆವಸ್ತ್ರವನ್ನು ಹುಬ್ಬಿನ ತನಕ ಇಳಿಸಿ ಕಟ್ಟಿದ್ದರು. ಅಂಥ ತೊಡಕನ್ನೆಲ್ಲ ಅವರು ಚಿಟಿಕೆಯಲ್ಲಿ ಬಿಡಿಸುತ್ತಿದ್ದರು. ತೊಡಕು ಬಂದದ್ದು ನನ್ನಿಂದ.

ದೃಶ್ಯ ಇಷ್ಟೇ. ಕುರುಬರು ಬಯಲಲ್ಲಿ ಮಂದೆ ಕಾಯುತ್ತಿರುತ್ತಾರೆ, ದೇವದೂತ ಬಂದು ಕಂದ ಹುಟ್ಟಿದ ಸುದ್ದಿ ಹೇಳುತ್ತಾನೆ, ಎಲ್ಲರೂ ಎದ್ದು, ಕೊಟ್ಟಿಗೆಯಲ್ಲಿ ಕಂದನನ್ನು ಮಲಗಿಸಿದ ಗೋದಲಿಗೆ ಹೋಗುತ್ತಾರೆ. ಮೊದಲ ದಿನದ ಅಭ್ಯಾಸದಲ್ಲಿ ಉಳಿದವರು ಎದ್ದು ಹೊರಟರು, ನಾನು ಕೂತೇ ಇದ್ದೆ. ಮರೆತಿದ್ದಾಳೆ ಎಂದುಕೊಂಡು ಸಿಸ್ಟರ್ ಮತ್ತೆ ಮಾಡಿಸಿದರು. ಮತ್ತೆ ಕೂತೆ. ಮೂರನೇ ಸಲ ರೇಗಿದರು. ನನಗೂ ರೇಗಿತು.

“ಮಂದಿ ಎಲ್ಲಾ ಎದ್ದು ಹೋದ್ರೆ ಮಂದೆ ಯಾರು ನೋಡ್ತಾರೆ ಸಿಸ್ಟರ್? ತೋಳ ಬಂದ್ರೆ?” ಎಂದೆ. “ದೇವದೂತ ಹೇಳಿದ್ರೂ ಅಷ್ಟೇ. ಒಬ್ರು ಉಳೀಲೇಬೇಕು.”

ಹುಡುಗಿಯರೆಲ್ಲ ನಕ್ಕರು. ಇದೇನೂ ನನ್ನ ಜಾಣತನವಲ್ಲ, ನಮ್ಮ ಮನೆಯಲ್ಲಿ ನಡೆಯಲು ಕಲಿಯುವಾಗಲೇ ಕಲಿಸುವ ಮಾತು. ಮದುವೆಯಿರಲಿ, ಸಾವಿರಲಿ, ಮಂದೆಯ ಹತ್ತಿರ ಒಬ್ಬರು ಇರುತ್ತಾರೆ. ಅಪ್ಪ ತನ್ನ ತಂಗಿಯ ಧಾರೆಯನ್ನೇ ನೋಡಿರಲಿಲ್ಲ. ಸಿಸ್ಟರ್ ನನ್ನನ್ನು ಕೆಕ್ಕರಿಸಿ ನೋಡಿ ಅಭ್ಯಾಸ ನಿಲ್ಲಿಸಿಬಿಟ್ಟರು. ಪಾತ್ರ ಹೋಯಿತು, ಪಾತ್ರದ ಜೊತೆ ಪರೀಕ್ಷೆಯೂ ಹೋಯಿತು ಎಂದು ನಾನು ಅತ್ತೆ. ಮಾರನೇ ದಿನ ಅವರು ಬೈಬಲ್ ಹಿಡಿದುಕೊಂಡೇ ಬಂದರು. ಕುರುಬರು ಹೋದರು ಎಂದು ಉಂಟು, ಎಲ್ಲರೂ ಹೋದರು ಎಂದು ಎಲ್ಲಿಯೂ ಇಲ್ಲ, ಇಷ್ಟು ವರ್ಷ ನಾನೇ ತಪ್ಪು ಮಾಡಿಸಿದ್ದೆ ಎಂದು ಎಲ್ಲರ ಮುಂದೆ ಒಪ್ಪಿಕೊಂಡರು. ನನಗೆ ಹೊಸ ಮಾತು ಬರೆದುಕೊಟ್ಟರು. ನೀವು ಹೋಗಿ ನೋಡಿ ಬನ್ನಿ, ಬಂದು ನನಗೆ ಹೇಳಿ, ನಾನು ಇಲ್ಲಿರುತ್ತೇನೆ... ಅಷ್ಟೇ ಮಾತು.

ನಾಟಕ ಕ್ರಿಸ್ಮಸ್ ರಜೆಯ ಹಿಂದಿನ ದಿನ, ಮಧ್ಯಾಹ್ನ. ಆಗಮನ ಕಾಲದಲ್ಲಿ ವಾರಕ್ಕೊಂದರಂತೆ ಹಚ್ಚುವ ಮೇಣದಬತ್ತಿಗಳು, ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು, ನಾಲ್ಕೂ ಉರಿದು ಗಿಡ್ಡಗಾಗಿದ್ದವು. ವರ್ಷದ ಕೊನೆಯೆಂದು ಶಾಲೆಗೆ ಸುಣ್ಣ ಹೊಡೆಸಿದ್ದರು, ಗೋಡೆ ಮುಟ್ಟಿದವರ ಬೆನ್ನೆಲ್ಲ ಬಿಳಿ. ಹಿಂದಿನ ದಿನ ಸಿಸ್ಟರ್ ನನ್ನನ್ನು ಕರೆದುಕೊಂಡು ಮಂದೆಯ ಹತ್ತಿರ ಹೋಗಿ ಅಪ್ಪನನ್ನು ನಾಟಕಕ್ಕೆ ಕರೆದಿದ್ದರು. ಅಪ್ಪ ತಲೆ ಕೆರೆದುಕೊಂಡ. ಕುರಿ ಬಿಟ್ಟು ಬರಾಕಾಗಲ್ರಿ ಎಂದ. ಹಾಸ್ಟೆಲಿನ ಅಡುಗೆಯವರನ್ನು ಕಳಿಸುತ್ತೇನೆ ಎಂದರು. ಯಾರ್ಯಾರ ಕೈಗೋ ಕೊಡೋದಲ್ಲ, ಜವಾಬ್ದಾರಿ ಇರೋರು ಬೇಕು ಎಂದ ಅಪ್ಪ.

“ನನಗಿಂತ ಜವಾಬ್ದಾರಿಯವರು ಈ ಊರಲ್ಲಿ ಯಾರುಂಟು?” ಎಂದರು ಸಿಸ್ಟರ್. “ನಾನು ಕೂತುಕೊಳ್ಳುತ್ತೇನೆ. ನೀವು ಹೋಗಿ ಮಗಳನ್ನು ನೋಡಿ.”

ಅಪ್ಪ ತಮಾಷೆ ಎಂದುಕೊಂಡ. ನಾನೂ ಹಾಗೇ ಅಂದುಕೊಂಡೆ. ವಾರಗಟ್ಟಲೆ ಗಂಟಲು ಹರಿದುಕೊಂಡು ನಾಟಕ ಕಲಿಸಿದವರು ನಾಟಕದ ದಿನ ಹೊಲದಲ್ಲಿ ಕೂರುತ್ತಾರೆಯೇ? ಮಾರನೇ ದಿನ ಕುರಿಗಳು ಜಾಲಿ ಮರದ ನೆರಳಿಗೆ ಮಲಗುವ ಹೊತ್ತಿಗೆ ಸರಿಯಾಗಿ ಸಿಸ್ಟರ್ ಕೊಡೆ ಹಿಡಿದು ಹೋಗಿ ಅಪ್ಪನ ಕೋಲು ಇಸಿದುಕೊಂಡರಂತೆ. ನಾಯಿ ಗುರ್ರೆಂದಿತಂತೆ. ಸುಮ್ಮನಿರು ಎಂದರಂತೆ, ಸುಮ್ಮನಾಯಿತಂತೆ.

ಅಪ್ಪ ಸಭಾಂಗಣದ ಕೊನೆಯಲ್ಲಿ ಗೋಡೆಗೆ ಒರಗದೆ ನಿಂತಿದ್ದ. ಜೊತೆಯವರೆಲ್ಲ ಗೋದಲಿಗೆ ಹೊರಟಾಗ ಅವನ ಕಂಬಳಿ ಹೊದ್ದು ನಾನೊಬ್ಬಳೇ ಕೂತೆ. ಹೋಗಿ ನೋಡಿ ಬನ್ನಿ ಎಂದೆ. ಮುಂದಿನ ಸಾಲಿನಲ್ಲಿ ಸಿಸ್ಟರ್ ಕುರ್ಚಿ ಖಾಲಿ ಇತ್ತು... ಅಪ್ಪನ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಪರದೆ ಬಿದ್ದದ್ದೇ ಅಪ್ಪ ಓಡಿದ, ಬಣ್ಣ ಕೂಡ ತೊಳೆಯದೆ ನಾನೂ ಹಿಂದೆ ಓಡಿದೆ. ಮರಿಯೊಂದನ್ನು ಎತ್ತಿಕೊಂಡು ಚರ್ಚಿನ ಪಟದಲ್ಲಿರುವ ಹಾಗೆ ಸಿಸ್ಟರ್ ನಿಂತಿದ್ದರು ಎಂದು ಬರೆಯಲು ಆಸೆ, ಆದರೆ ಹಾಗೇನೂ ಇರಲಿಲ್ಲ. ಮಂದೆಯ ಅರ್ಧ ಭಾಗ ಪಕ್ಕದ ತೊಗರಿ ಹೊಲಕ್ಕೆ ನುಗ್ಗಿತ್ತು. ಸಿಸ್ಟರ್ ಸೆರಗು ಮುಳ್ಳಿಗೆ ಸಿಕ್ಕು ಹರಿದಿತ್ತು. ಎರಡನೇ ಸಾಲಿನವರೆಲ್ಲ ಹಿಂದೆ ಬನ್ನಿ ಎಂದು ತರಗತಿಯ ದನಿಯಲ್ಲಿ ಕುರಿಗಳನ್ನು ಗದರುತ್ತಿದ್ದರು. ಜಗಳಕ್ಕೆಂದು ಬಂದಿದ್ದ ತೊಗರಿ ಹೊಲದ ಯಜಮಾನರು ಪಂಚೆ ಎತ್ತಿಕಟ್ಟಿಕೊಂಡು ಅವರಿಗೇ ಸಹಾಯ ಮಾಡುತ್ತಿದ್ದರು. ಆ ಕತೆಯನ್ನು ಅವರು ಮುಂದೆ ವರ್ಷಗಟ್ಟಲೆ ಊರಿಗೆಲ್ಲ ಹೇಳಿದರು, ಹೇಳುತ್ತ ಹೇಳುತ್ತ ಕುರಿಗಳ ಸಂಖ್ಯೆ ಹೆಚ್ಚುತ್ತಲೇ ಹೋಯಿತು.

ಅಪ್ಪ ಸಿಳ್ಳೆ ಹಾಕಿ ಮಂದೆಯನ್ನು ಹೊರಗೆ ಹೊಡೆದ. ಒಂದೂ ತಪ್ಪಿಸಿಕೊಂಡಿರಲಿಲ್ಲ. ಸಿಸ್ಟರ್ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತ, ನಾಟಕ ಹೇಗಾಯಿತು ಎಂದು ಕೇಳಿದರು.

“ಚಲೋ ಆತ್ರಿ,” ಎಂದ ಅಪ್ಪ. ಅವರ ಕೈಯಿಂದ ಕೋಲು ಇಸಿದುಕೊಂಡು, “ಒಬ್ಬಾಕಿ ಉಳಿದ್ಲಲ್ಲ, ಅದು ಸರಿ ಐತೆ” ಎಂದ.

“ನಾನು ನಿಮ್ಮ ಮಂದೆ ಕಾದೆ. ಇನ್ನು ಇವಳನ್ನು ಮಾರ್ಚ್ ಮುಗಿಯುವ ತನಕ ಕಾಯುವುದೂ ನನ್ನ ಕೆಲಸವೇ. ಇವಳನ್ನು ಇಲ್ಲಿ ಬಿಟ್ಟು ಹೋಗಿ,” ಎಂದರು ಸಿಸ್ಟರ್. ಬೇಡಿಕೊಂಡ ದನಿಯಲ್ಲ, ನಾಳೆ ಪರೀಕ್ಷೆ ಉಂಟು ಎಂದು ಹೇಳುವ ದನಿ.

ಅಪ್ಪ ಪೇಟ ಬಿಚ್ಚಿ ಮತ್ತೆ ಸುತ್ತಿಕೊಂಡ. ಮಾರನೇ ಬೆಳಿಗ್ಗೆ ಅವನು ಚಿಕ್ಕಪ್ಪನ ಮನೆಯ ಮುಂದೆ ಹೋಗಿ ನಿಂತನೆಂದು, ಬಾರಲೇ ಮಂದೆ ಕೂಡ್ಸಾಣ ಎಂದನೆಂದು ಅವ್ವ ಆಮೇಲೆ ಹೇಳಿದಳು. ಅಪ್ಪನ ಮಟ್ಟಿಗೆ ಅದು ಎಂಥ ಮಾತೆಂದು ನನಗೆ ಗೊತ್ತು. ನಾನು ಹಾಸ್ಟೆಲಿನಲ್ಲಿ ಉಳಿದೆ, ಪರೀಕ್ಷೆ ಬರೆದೆ, ಮುಂದೆ ಸಿರಿಗೆರೆಯಲ್ಲಿ ಓದಿದೆ. ತಿರುಗಿ ಬಂದು ಇದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಹಾಸ್ಟೆಲಿನ ವಾರ್ಡನ್ ಕೂಡ ನಾನೇ.

ಸಿಸ್ಟರ್ ಕೆಲವು ವರ್ಷಗಳ ನಂತರ ವರ್ಗವಾಗಿ ಕರಾವಳಿಗೆ ಹೋದರು. ಕೊನೆಗಾಲದಲ್ಲಿ ವಯಸ್ಸಾದ ಸಿಸ್ಟರ್‌ಗಳ ಆಶ್ರಮದಲ್ಲಿದ್ದರು. ಎರಡು ಸಲ ಹೋಗಿ ನೋಡಿ ಬಂದಿದ್ದೆ. ಎರಡನೇ ಸಲ ಅವರಿಗೆ ನನ್ನ ಹೆಸರು ನೆನಪಾಗಲಿಲ್ಲ, ತೊಗರಿ ಹೊಲ ನೆನಪಿತ್ತು.

ಈ ವರ್ಷ ಮೂರನೇ ಮೇಣದಬತ್ತಿ ಹಚ್ಚಿದ ವಾರ, ಟ್ರಂಕು ತೆಗೆದು ಇನ್ನೂ ಹದಿನೈದು ದಿನವಾಗಿತ್ತೋ ಇಲ್ಲವೋ, ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣು ಮಾರನೇ ದಿನವೇ. ಶಾಲೆಯಿಂದ ವ್ಯಾನು ಹೊರಟು ನಿಂತಿತು. ಹಾಸ್ಟೆಲಿನ ನಾಲ್ವರು ಹುಡುಗಿಯರಿಗೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದು ಮೈಯೆಲ್ಲ ಬೊಬ್ಬೆ, ಮನೆಯವರು ಇನ್ನೂ ಬಂದಿರಲಿಲ್ಲ. ಹೆಡ್‌ಮಿಸ್ಟ್ರೆಸ್ ನನ್ನ ಕೈ ಹಿಡಿದು, ನೀವೇ ಹೋಗಬೇಕಾದವರು, ನಾನು ಇಲ್ಲಿರುತ್ತೇನೆ ಎಂದರು. ಪ್ರೀತಿಯಿಂದಲೇ ಹೇಳಿದರು. ಅವರಿಗೆ ಆ ಮಕ್ಕಳ ಔಷಧಿಯ ಹೊತ್ತು ಗೊತ್ತಿಲ್ಲ, ಯಾವಳು ಕೆರೆದುಕೊಳ್ಳುತ್ತಾಳೆ, ಯಾವಳು ಊಟ ಬಿಡುತ್ತಾಳೆ ಗೊತ್ತಿಲ್ಲ. ಹಾಸ್ಟೆಲು ನನ್ನದು, ನೀವೆಲ್ಲ ಹೋಗಿ ನೋಡಿ ಬನ್ನಿ ಎಂದೆ.

ವ್ಯಾನು ಗೇಟು ದಾಟುವ ತನಕ ನಿಂತಿದ್ದೆ. ಒಳಗೆ ಹೋಗಿ ಹುಡುಗಿಯರಿಗೆ ಗಂಜಿ ಕೊಟ್ಟೆ. ಅವರಲ್ಲಿ ಚಿಕ್ಕವಳು, ಮಿಸ್ ಯಾಕೆ ಅಳ್ತಿದೀರಿ ಎಂದು ಕೇಳಿದಳು. ಸುಳ್ಳು ಹೇಳಲಿಲ್ಲ, ನನ್ನನ್ನು ಓದಿಸಿದವರು ಹೋದರು ಎಂದೆ. ಅವರ ಮುಖ ಕೊನೆಗೊಮ್ಮೆ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಆ ಸಂಕಟ ನನಗಿದೆ, ಬದುಕಿರುವ ತನಕ ಇರುತ್ತದೆ. ಆದರೆ ನಾಲ್ವರು ಹುಡುಗಿಯರನ್ನು ಬೇರೆಯವರ ಕೈಗೆ ಬಿಟ್ಟು ನಾನು ಹೋಗಿ ನಿಂತಿದ್ದರೆ, ಸಿಸ್ಟರ್ ಪೆಟ್ಟಿಗೆಯೊಳಗಿಂದಲೇ ಬೈದು ವಾಪಸು ಕಳಿಸುತ್ತಿದ್ದರು.