ಸಿನಿಮಾದಲ್ಲಿ ಇಲ್ಲದ ಕೆಮ್ಮು

ಐರೋಲಿಯ ನಮ್ಮ ಆಫೀಸಿನಲ್ಲಿ ಅಕ್ಟೋಬರ್ ಮುಗಿಯುವಾಗ ಹ್ಯಾಲೋವೀನ್ ಆಚರಿಸುತ್ತಿದ್ದರು. ಕ್ಲೈಂಟ್ ಅಮೆರಿಕದವರು, ಹಾಗಾಗಿ ಅವರ ಹಬ್ಬ ನಮಗೂ ಹಬ್ಬ. ಕ್ಯಾಂಟೀನಿನ ಕಂಬಗಳಿಗೆ ಹತ್ತಿಯಲ್ಲಿ ಮಾಡಿದ ಜೇಡರಬಲೆ, ರಿಸೆಪ್ಶನ್ ತುಂಬ ಕಿತ್ತಳೆ ಬಣ್ಣದ ಬಲೂನು. ನಾನು ಸೇರಿದ ವರ್ಷ ಟೀಮ್ ಲೀಡ್ ಹೊಸದೊಂದು ಆಟ ಶುರುಮಾಡಿದರು. ಪ್ರತಿಯೊಬ್ಬರೂ ಒಂದು ಹಾರರ್ ಸಿನಿಮಾ ಶಿಫಾರಸು ಮಾಡಬೇಕು. ಉಳಿದವರು ಅದನ್ನು ನೋಡಿ ಬಂದು, ಎಷ್ಟು ಹೆದರಿದೆವು ಅಂತ ಹೇಳಬೇಕು.

ಅದು ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದ ಕಾಲ. ಮೈಸೂರಿನಿಂದ ಮದುವೆಯಾಗಿ ಠಾಕುರ್ಲಿಗೆ ಬಂದಿದ್ದ ನನಗೆ ದೆವ್ವದ ಸಿನಿಮಾ ಎಂದರೆ ಕಣ್ಣು ಮುಚ್ಚಿಕೊಂಡು ಕೂರುವ ವಿಷಯ. ಆದರೆ ನನ್ನ ಎದುರುಮನೆಯಲ್ಲೇ ಅದರ ಭಂಡಾರ ಇತ್ತು. ಅಲ್ಲಿದ್ದ ಆಂಟಿ ಉಡುಪಿ ಕಡೆಯವರು. ಗಂಡ ಭಿವಂಡಿಯಲ್ಲಿ ಹೋಟೆಲ್ ನಡೆಸುತ್ತಿದ್ದವರು; ಕಾಯಿಲೆ ಬಿದ್ದು, ಒಳಕೋಣೆಯ ಮಂಚದ ಮೇಲೇ ದಿನ ಕಳೆದು ತೀರಿಕೊಂಡಿದ್ದರು. ಮಗಳು ಬೇರೆ ಊರಲ್ಲಿ; ಆಮೇಲೆ ಆಂಟಿ ಒಬ್ಬರೇ. ಡೊಂಬಿವಲಿ ಸ್ಟೇಷನ್ ಹೊರಗಿನ ಫುಟ್‌ಪಾತಿನಲ್ಲಿ ದೆವ್ವದ ಸೀಡಿಗಳನ್ನು ಆರಿಸಿ ತರುತ್ತಿದ್ದರು. ಯಾವ ದೇಶದ್ದು, ಯಾವ ಭಾಷೆಯದು ಎಂಬ ಗೊಡವೆ ಇಲ್ಲ. ಟಿವಿ ಸ್ಟ್ಯಾಂಡಿನ ಕೆಳಗೆ ಸಾಲಾಗಿ ಜೋಡಿಸಿಟ್ಟಿದ್ದರು.

"ಆಂಟಿ, ನನಗೊಂದು ಒಳ್ಳೇ ದೆವ್ವದ ಪಿಕ್ಚರ್ ಹೇಳಿ. ಆಫೀಸಲ್ಲಿ ಹೇಳಬೇಕು," ಎಂದು ಕೇಳಿದೆ.

"ರಕ್ತ ಬರುವುದು ಬೇಕಾ, ಬರದೇ ಇರುವುದು ಬೇಕಾ?"

"ಬರದೇ ಇರೋದು."

"ಹಾಗಾದ್ರೆ ತಾಯಿ ಮಗಳದ್ದು ಉಂಟು. ಮಾತೇ ಇಲ್ಲ ಅದರಲ್ಲಿ. ಆದಿತ್ಯವಾರ ಊಟ ಮಾಡಿ ಬಾ, ಒಟ್ಟಿಗೆ ನೋಡುವ. ಕತ್ತಲೆಯಲ್ಲಿ ಯಾರಿಗಾದ್ರೂ ಹೆದರಿಕೆ ಆಗ್ತದೆ. ಹಗಲು ಹೆದರಿಸಿದ್ರೆ ಅದು ಪಿಕ್ಚರು ಮಾರಾಯ್ತಿ."

ಭಾನುವಾರ ನನ್ನ ಗಂಡ ಊಟ ಮಾಡಿ ಮಲಗಿದ ಮೇಲೆ ಹೋದೆ. ಅಕ್ಟೋಬರಿನ ಉರಿಬಿಸಿಲು. ಆಂಟಿ ಪರದೆ ಎಳೆದಿದ್ದರು, ಆದರೂ ಅದರ ಅಂಚಿನಿಂದ ಬೆಳಕು ಒಳಗೆ ನುಗ್ಗುತ್ತಿತ್ತು. ಅವರು ನೆಲದ ಮೇಲೆ ಕೂತು ಅವರೆಕಾಯಿ ಸುಲಿಯತೊಡಗಿದರು. ನಾನು ಸೋಫಾದ ಮೇಲೆ ಕಾಲು ಮಡಚಿ ಕೂತೆ. ಒಳಕೋಣೆಯ ಬಾಗಿಲು ನನ್ನ ಬೆನ್ನ ಹಿಂದೆ ಇತ್ತು.

ಸಿನಿಮಾದಲ್ಲಿ ಹೆಚ್ಚೇನೂ ನಡೆಯಲಿಲ್ಲ. ಗದ್ದೆಗಳ ನಡುವೆ ಒಂದು ಮನೆ, ಅದರಲ್ಲಿ ತಾಯಿ, ಮಗಳು. ಅವರಿಬ್ಬರನ್ನು ಬಿಟ್ಟರೆ ಇನ್ಯಾರೂ ಇಲ್ಲ. ಒಂದು ದೃಶ್ಯದಲ್ಲಿ ಇಬ್ಬರೂ ಮನೆಯಿಂದ ಹೊರಗೆ ಹೋಗುತ್ತಾರೆ, ಕ್ಯಾಮೆರಾ ಮಾತ್ರ ಅಡಿಗೆಮನೆಯಲ್ಲೇ ಉಳಿಯುತ್ತದೆ. ಖಾಲಿ ಮಣೆ, ಒಲೆ, ಕಿಟಕಿ. ಹೊತ್ತು ಹೋದರೂ ಅದು ಅಲ್ಲಾಡುವುದಿಲ್ಲ. ಆಗ ಒಬ್ಬ ಮುದುಕ ಕೆಮ್ಮಿದ. ಕಫ ಕಟ್ಟಿದ ಎದೆಯ ಕೆಮ್ಮು. ತುಸು ಬಿಟ್ಟು ಇನ್ನೊಮ್ಮೆ ಕೆಮ್ಮಿದ. ಆಮೇಲೆ ನೆಲದ ಮೇಲೆ ಲೋಟ ಇಟ್ಟ ಸದ್ದು.

ನನ್ನ ಕತ್ತಿನ ಹಿಂದೆ ತಣ್ಣಗೆ ಏನೋ ಹರಿದ ಹಾಗಾಯಿತು. ಆಂಟಿಯ ಕೈಯಲ್ಲಿ ಅವರೆಕಾಯಿ ಅರ್ಧ ಬಿರಿದು ಹಾಗೇ ನಿಂತಿತ್ತು. ಇವರಿಗೇ ಹೀಗಾಗಬೇಕಾದರೆ ಆಫೀಸಿನವರ ಗತಿ ಏನು ಅಂದುಕೊಂಡೆ. ಸಿನಿಮಾ ಮುಗಿದಾಗ ಸೀಡಿ ಕೇಳಿ ಇಸಕೊಂಡು ಬಂದೆ.

ಸೋಮವಾರ ಕ್ಯಾಂಟೀನಿನಲ್ಲಿ ಜಂಬದಿಂದ ಹೇಳಿದೆ. "ಖಾಲಿ ಅಡಿಗೆಮನೆಯ ಸೀನ್ ಬರುತ್ತೆ. ಫಾರ್ವರ್ಡ್ ಮಾಡಬೇಡಿ, ಕಾಯಿರಿ. ಒಂದು ಕೆಮ್ಮು ಕೇಳುತ್ತೆ. ಅಷ್ಟೇ ಸಾಕು."

ಪಕ್ಕದ ಸೀಟಿನ ಹುಡುಗಿ ಸೀಡಿ ತೆಗೆದುಕೊಂಡಳು. ಅವಳು ಕಲ್ಯಾಣದಲ್ಲಿ ಹುಟ್ಟಿ ಬೆಳೆದ ಕನ್ನಡದವಳು. ನಾನು ಕನ್ನಡದಲ್ಲಿ ಮಾತಾಡಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಎರಡು ದಿನ ಬಿಟ್ಟು ಸೀಡಿ ನನ್ನ ಮೇಜಿನ ಮೇಲಿಟ್ಟಳು.

"ಅರೇ ಯಾರ್, ಕೌನ್ಸೀ ಖಾಂಸಿ? ಪಿಕ್ಚರ್ ಮೇ ತೋ ಕೋಯಿ ಆದ್ಮೀ ಹೀ ನಹೀ ಹೈ."

"ಗಂಡಸು ಕಾಣಿಸಲ್ಲ ಕಣೇ, ಕೆಮ್ಮೋದು ಮಾತ್ರ ಕೇಳಿಸುತ್ತೆ. ಅಡಿಗೆಮನೆ ಸೀನು."

"ದೋ ಬಾರ್ ದೇಖಾ. ಏಕ್‌ದಮ್ ಸೈಲೆಂಟ್ ಹೈ."

ಎರಡು ಸಲ ನೋಡಿದರೂ ಸದ್ದೇ ಇಲ್ಲ ಎಂದದ್ದಕ್ಕೆ ನಾನು ನಕ್ಕೆ. ಅವಳು ನಗಲಿಲ್ಲ. ಅವಳ ಕಂಪ್ಯೂಟರಿನಲ್ಲೇ ಸೀಡಿ ಹಾಕಿ, ಇಬ್ಬರೂ ಒಂದೊಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡೆವು. ಮಣೆ ಇತ್ತು, ಒಲೆ ಇತ್ತು, ಕಿಟಕಿ ಇತ್ತು. ದೂರದಲ್ಲಿ ಗಾಳಿಯಂಥ ಒಂದು ಸದ್ದು. ಹೊರಗೆ ಹೋದವರು ಒಳಗೆ ಬಂದರು, ದೃಶ್ಯ ಮುಗಿಯಿತು. ಆಗಲೇ ನನಗೆ ಹೊಳೆದದ್ದು: ಆ ಲೋಟ ಸ್ಟೀಲಿನದು. ಆಂಟಿಯ ಮನೆಯಲ್ಲಿದ್ದಂಥ ಮೊಸಾಯಿಕ್ ನೆಲದ ಮೇಲೆ ಸ್ಟೀಲ್ ಲೋಟ ಇಟ್ಟರೆ ಬರುವ ಸದ್ದು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಸಿನಿಮಾದ ಆ ಮನೆಗೆ ಇದ್ದದ್ದು ಮರದ ನೆಲ.

ಮುಂದೆ ಅವಳು ಏನು ಕೇಳಿದಳೋ ನೆನಪಿಲ್ಲ. ಸಂಜೆ ಲೋಕಲ್‌ನಲ್ಲಿ ಅಷ್ಟು ಜನರ ನಡುವೆ ಒತ್ತಿಕೊಂಡು ನಿಂತಿದ್ದರೂ ನನಗೆ ಚಳಿ ಹತ್ತಿತ್ತು.

ಸೀಡಿ ವಾಪಸು ಕೊಡಲೇಬೇಕಿತ್ತು. ಎದುರುಮನೆಯ ಬೆಲ್ ಒತ್ತಿದಾಗ ಆಂಟಿ ದೀಪ ಹಚ್ಚುತ್ತಿದ್ದರು. ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದೇ ಬಾಗಿಲು ತೆಗೆದರು. ನಾನು ಹೊಸಿಲು ದಾಟಲಿಲ್ಲ.

"ಆಂಟಿ, ಆವತ್ತು ಸಿನಿಮಾದಲ್ಲಿ ಕೆಮ್ಮಿದರಲ್ಲ... ಅದು ಸಿನಿಮಾದಲ್ಲಿ ಇಲ್ಲವೇ ಇಲ್ಲ."

ಅವರು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು.

"ನಿನಗೂ ಕೇಳಿತಾ?"

ನಾನು ತಲೆಯಾಡಿಸಿದೆ.

"ಲೋಟ?"

"ಅದೂ ಕೇಳಿಸಿತು."

ಆಂಟಿಯ ಮುಖ ಅರಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕಣ್ಣು ತುಂಬಿಕೊಂಡು ನಗುತ್ತಿದ್ದರು. "ಮಗಳಿಗೆ ಹೇಳಿದ್ರೆ ಡಾಕ್ಟ್ರ ಹತ್ರ ಹೋಗುವ ಅಂತಾಳೆ. ನನಗೇ ಅನುಮಾನ ಬಂದಿತ್ತು, ತಲೆ ಸರಿ ಉಂಟಾ ಇಲ್ವಾ ಅಂತ. ಈ ಪಿಕ್ಚರೆಲ್ಲ ಯಾಕೆ ತಂದದ್ದು ಹೇಳು? ಸತ್ತವರು ಮನೆಗೆ ಬಂದ್ರೆ ಬೇರೆಯವರು ಎಂತ ಮಾಡ್ತಾರೆ ಅಂತ ನೋಡ್ಲಿಕ್ಕೆ. ಎಲ್ಲರೂ ಓಡುವವರೇ. ಒಬ್ಬರೂ ಕೂತು ಮಾತಾಡಿಸುವುದಿಲ್ಲ."

ನಮ್ಮ ಬಿಲ್ಡಿಂಗಿನ ಗೋಡೆಗಳು ತೆಳು, ಮೇಲಿನ ಮನೆಯಲ್ಲಿ ಯಾರೋ ಕೆಮ್ಮಿರಬಹುದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಅದೇ ಮಾತನ್ನು ಆಮೇಲೆ ನನ್ನ ಗಂಡ ಹೇಳಿದರು. ಇರಬಹುದು ಎಂದೆ. ಆದರೆ ಆ ಕೆಮ್ಮು ನನ್ನ ಬೆನ್ನ ಹಿಂದಿನಿಂದ ಬಂದಿತ್ತು, ತಲೆಯ ಮೇಲಿನಿಂದ ಅಲ್ಲ.

ಆಫೀಸಿನ ಆಟದಲ್ಲಿ ನನ್ನ ಸಿನಿಮಾ ಕೊನೆಗೆ ಬಂತು. ಬರೀ ಬೋರು ಎಂದರು.

ದೀಪಾವಳಿಯ ಹೊತ್ತಿಗೆ ಆಂಟಿ ಆ ಸೀಡಿಗಳನ್ನೆಲ್ಲ ಎರಡು ಚೀಲಕ್ಕೆ ತುಂಬಿ ಹಳೇ ಸಾಮಾನು ಕೊಳ್ಳುವ ಭಂಗಾರದವನಿಗೆ ಕೊಟ್ಟುಬಿಟ್ಟರು. ಮೊದಲು ಸೀಡಿ ತರಲು ಬಿಟ್ಟರೆ ಮನೆಬಿಟ್ಟು ಕದಲದವರು ಶನಿವಾರದ ಭಜನೆಗೆ ಡೊಂಬಿವಲಿಗೆ ಹೊರಡಲು ಶುರುಮಾಡಿದರು, ಜೊತೆಗೆ ಬಾ ಎಂದು ನನ್ನನ್ನೂ ಕರೆದರು. ಮೊದಲ ಶನಿವಾರ ನಾನು ಮೆಟ್ಟಿಲ ಬಳಿ ಕಾಯುತ್ತಿದ್ದೆ. ಅವರು ಚಪ್ಪಲಿ ಮೆಟ್ಟಿ, ಸೆರಗು ಸರಿಮಾಡಿಕೊಂಡು, ತೆರೆದ ಬಾಗಿಲಿನಿಂದ ಒಳಕೋಣೆಯ ಕಡೆ ಮುಖ ಮಾಡಿದರು.

"ಯಾನ್ ಪೋದು ಬರ್ಪೆ," ಎಂದರು. ಹೋಗಿ ಬರುತ್ತೇನೆ ಎನ್ನುವ ತುಳು ಅಷ್ಟು ಹೊತ್ತಿಗೆ ನನಗೂ ತಿಳಿಯುತ್ತಿತ್ತು.

ಹೇಳಿದವರು ತಕ್ಷಣ ಬಾಗಿಲು ಎಳೆದುಕೊಳ್ಳಲಿಲ್ಲ. ಬೀಗ ಕೈಯಲ್ಲಿ ಹಿಡಿದು, ತಲೆ ಸ್ವಲ್ಪ ವಾಲಿಸಿ ಕಿವಿಗೊಟ್ಟು ನಿಂತರು. ನಾನು ಬೇಗ ಬೇಗ ಕೆಳಗಿಳಿದು ಗೇಟಿನ ಬಳಿ ಬಿಸಿಲಿನಲ್ಲಿ ನಿಂತುಕೊಂಡೆ.